ಪೋಲೆಂಡ್ ಮಕ್ಕಳ ‘ಬಾಪು’ ಜಾಮ್ ಸಾಹೇಬ್: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಕಾಲದಲ್ಲಿ ಗುಜರಾತಿನ ಕಡಲ ದಂಡೆಯಲ್ಲಿ ಪೋಲೆಂಡಿನ ಸುಮಾರು ಒಂದು ಸಾವಿರ ಮಕ್ಕಳಿಗೆ ಆಸರೆ ಕೊಟ್ಟ ನವಾನಗರದ ಮಹಾರಾಜ ದಿಗ್ವಿಜಯಸಿಂಹಜಿ ಅವರ ಬಗ್ಗೆ ಮಾತಿಗೆ ಕೂತಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಪತ್ರಗಳಲ್ಲೂ ಅವೇ ಇರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ವಾಟ್ಸಾಪ್‌ನಲ್ಲಿ ಓಡಾಡುವ ಕಥೆ ಓದಿ ಬಂದವರು ಮೂರನೇ ಪ್ರಶ್ನೆಯಿಂದ ಶುರು ಮಾಡಿದರೂ ಆದೀತು.

## ಮೊದಲು ತಿಳಿಯಬೇಕಾದದ್ದು

ಜಾಮ್ ಸಾಹೇಬ್ ಅಂದ್ರೆ ಯಾರು? ಕ್ರಿಕೆಟ್‌ನ ರಣಜಿ ಅವರೇನಾ?

ಅವರಲ್ಲ, ಅವರ ಉತ್ತರಾಧಿಕಾರಿ. ‘ಜಾಮ್ ಸಾಹೇಬ್’ ಎನ್ನುವುದು ನವಾನಗರ ಸಂಸ್ಥಾನದ ದೊರೆಗಳ ಬಿರುದು. ಆ ಸಂಸ್ಥಾನದ ರಾಜಧಾನಿಯೇ ಇವತ್ತಿನ ಜಾಮ್‌ನಗರ. ರಣಜಿತ್‌ಸಿಂಹಜಿ 1933ರಲ್ಲಿ ತೀರಿಕೊಂಡಾಗ ಅವರು ದತ್ತು ಪಡೆದಿದ್ದ ಸಹೋದರನ ಮಗ ದಿಗ್ವಿಜಯಸಿಂಹಜಿ ಗದ್ದುಗೆಗೆ ಬಂದರು. ಹುಟ್ಟಿದ್ದು 1895ರಲ್ಲಿ. ಇಂಗ್ಲೆಂಡಿನಲ್ಲಿ ಓದು, ಆಮೇಲೆ ಹತ್ತು ವರ್ಷಕ್ಕೂ ಮೀರಿ ಸೈನ್ಯದಲ್ಲಿ ಸೇವೆ. 1937-38ರಲ್ಲಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರೂ ಆಗಿದ್ದರು.

ನಮ್ಮವರಿಗೆ ಈ ಮನೆತನ ಗೊತ್ತಿಲ್ಲದೆಯೂ ಗೊತ್ತು. ಕರ್ನಾಟಕ ಗೆದ್ದಾಗ ಪಟಾಕಿ ಹೊಡೆಯುವ ರಣಜಿ ಟ್ರೋಫಿಗೆ ಹೆಸರು ಬಂದಿದ್ದು ಇವರನ್ನು ದತ್ತು ಪಡೆದವರಿಂದ, ದುಲೀಪ್ ಟ್ರೋಫಿಗೆ ಹೆಸರು ಬಂದಿದ್ದು ಇವರ ತಮ್ಮ ದುಲೀಪ್‌ಸಿಂಹಜಿಯಿಂದ. ಇವರ ಮಗ ಶತ್ರುಶಲ್ಯಸಿಂಹಜಿ 2024ರಲ್ಲಿ ತಮ್ಮ ಉತ್ತರಾಧಿಕಾರಿ ಎಂದು ಘೋಷಿಸಿದ್ದು ಅಜಯ್ ಜಡೇಜಾ ಅವರನ್ನು. ಇಷ್ಟೆಲ್ಲ ಕ್ರಿಕೆಟ್ ಹೆಸರುಗಳ ನಡುವೆ ದಿಗ್ವಿಜಯಸಿಂಹಜಿ ಹೆಸರು ಮಾತ್ರ ನಮ್ಮ ಕಿವಿಗೆ ಬಿದ್ದಿದ್ದು ಕಡಿಮೆ.

ಪೋಲೆಂಡ್ ಎಲ್ಲಿ, ಗುಜರಾತ್ ಎಲ್ಲಿ? ಆ ಮಕ್ಕಳು ಇಷ್ಟು ದೂರ ಯಾಕೆ ಬಂದ್ರು?

ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದರು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಈ ಮಕ್ಕಳ ಕಷ್ಟಕ್ಕೆ ನೇರ ಕಾರಣ ಸ್ಟಾಲಿನ್. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪಶ್ಚಿಮದಿಂದ ಪೋಲೆಂಡಿನ ಮೇಲೆ ಬಿತ್ತು, ಸೆಪ್ಟೆಂಬರ್ 17ರಂದು ಸೋವಿಯತ್ ಸೈನ್ಯ ಪೂರ್ವದಿಂದ ನುಗ್ಗಿತು. ಪೂರ್ವ ಭಾಗವನ್ನು ನುಂಗಿಕೊಂಡ ಸೋವಿಯತ್ ಆಡಳಿತ 1940ರ ಫೆಬ್ರವರಿಯಿಂದ 1941ರ ಜೂನ್ ತನಕ ನಾಲ್ಕು ಸುತ್ತಿನಲ್ಲಿ ಲಕ್ಷಾಂತರ ಜನರನ್ನು ಮನೆಗಳಿಂದ ಎಬ್ಬಿಸಿ, ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಾ, ಕಜಕಿಸ್ತಾನ, ಉತ್ತರದ ಅರ್ಖಾಂಗೆಲ್ಸ್ಕ್ ಕಾಡುಗಳ ಕಡೆ ಸಾಗಿಸಿತು. ಸೈನಿಕರ ಕುಟುಂಬ, ಅರಣ್ಯ ನೌಕರರು, ಮೇಷ್ಟ್ರು, ಸ್ವಂತ ಜಮೀನಿದ್ದ ರೈತರು ಎಲ್ಲರೂ ಅದರಲ್ಲಿದ್ದರು. ಹಸಿವು, ಚಳಿ, ಟೈಫಸ್ ಜ್ವರ ಸಾವಿರಾರು ತಂದೆತಾಯಿಯರನ್ನು ನುಂಗಿದವು.

1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಮೇಲೇ ತಿರುಗಿಬಿದ್ದ. ಸ್ಟಾಲಿನ್‌ಗೆ ಈಗ ಬ್ರಿಟನ್ನಿನ ನೆರವು ಬೇಕಾಯಿತು. ಜುಲೈ 30ರಂದು ಲಂಡನ್ನಿನಲ್ಲಿದ್ದ ಪೋಲೆಂಡಿನ ದೇಶಭ್ರಷ್ಟ ಸರ್ಕಾರದ ಜೊತೆ ಒಪ್ಪಂದವಾಗಿ ಗಡೀಪಾರಾದವರಿಗೆ ‘ಕ್ಷಮಾದಾನ’ ಸಿಕ್ಕಿತು. ತಪ್ಪೇ ಮಾಡದವರಿಗೆ ಎಂಥ ಕ್ಷಮೆ ಎಂದು ಪೋಲಿಷ್ ಜನ ಇವತ್ತಿಗೂ ಕೇಳುತ್ತಾರೆ. ಬಿಡುಗಡೆಯಾದವರು ದಕ್ಷಿಣಕ್ಕೆ ಹೊರಟರು. ಜನರಲ್ ಆಂಡರ್ಸ್ ಕಟ್ಟುತ್ತಿದ್ದ ಪೋಲಿಷ್ ಸೈನ್ಯದ ಹಿಂದೆಯೇ ಹೆಂಗಸರು, ಮಕ್ಕಳು. 1942ರಲ್ಲಿ ಸುಮಾರು 1,15,000 ಜನ ಇರಾನ್ ತಲುಪಿದರು. ಅಲ್ಲಿಂದ ಅವರು ಹಂಚಿಹೋದ ದೇಶಗಳ ಪಟ್ಟಿ ದೊಡ್ಡದು: ಪೂರ್ವ ಆಫ್ರಿಕಾ, ಪ್ಯಾಲೆಸ್ಟೈನ್, ಮೆಕ್ಸಿಕೊ, ನ್ಯೂಜಿಲೆಂಡ್. ಭಾರತ ಅದರಲ್ಲಿ ಒಂದು.

ಎಲ್ಲ ಬಂದರುಗಳೂ ಓಡಿಸಿದ ಹಡಗನ್ನು ರಾಜರು ಜಾಮ್‌ನಗರಕ್ಕೆ ಬರಮಾಡಿಕೊಂಡರಂತೆ. ನಿಜಾನಾ?

ಐನೂರು ಹೆಂಗಸರು, ಇನ್ನೂರು ಮಕ್ಕಳು ತುಂಬಿದ ಹಡಗು, ದೇಶದಿಂದ ದೇಶಕ್ಕೆ ಅಲೆದಾಟ, ಕೊನೆಗೆ ಬಾಗಿಲು ತೆರೆದ ಒಬ್ಬ ರಾಜ. ಕೇಳಲು ಚೆನ್ನಾಗಿದೆ, ಆದರೆ ನಡೆದಿದ್ದು ಹೀಗಲ್ಲ.

ಮೊದಲ ತಂಡ ಬಂದಿದ್ದು ಲಾರಿಗಳಲ್ಲಿ. ಬೊಂಬಾಯಿಯಲ್ಲಿದ್ದ ಪೋಲಿಷ್ ಕಾನ್ಸುಲ್ ಯುಗೆನಿಯುಶ್ ಬನಾಸಿನ್‌ಸ್ಕಿ, ಅವರ ಪತ್ನಿ ಕಿರಾ ಮತ್ತು ಜೊತೆಗಾರರು ಭಾರತದಿಂದ ಔಷಧ, ಬಟ್ಟೆ, ಆಹಾರ ತುಂಬಿದ ಲಾರಿಗಳನ್ನು ಸೋವಿಯತ್ ಗಡಿಯಾಚೆಯ ಅಶ್ಗಾಬಾತ್‌ಗೆ ಕಳಿಸಿದ್ದರು. ಹಿಂದಿರುಗುವಾಗ ಅದೇ ಲಾರಿಗಳಲ್ಲಿ ಅನಾಥ ಮಕ್ಕಳನ್ನು ಕೂರಿಸಿಕೊಂಡು ಬಂದರು. ಆ ಮಕ್ಕಳನ್ನು ಹುಡುಕಿ ಒಂದೆಡೆ ಸೇರಿಸಿದವರಲ್ಲಿ ಹಾಂಕಾ ಓರ್ಡೊನುವ್ನಾ ಎಂಬಾಕೆ ಇದ್ದರು. ಯುದ್ಧಕ್ಕೆ ಮುಂಚೆ ಪೋಲೆಂಡಿನ ರಾಜಧಾನಿ ವಾರ್ಸಾದ ಹೆಸರಾಂತ ಗಾಯಕಿ.

ಸುಮಾರು 160 ಮಕ್ಕಳು ಇರಾನಿನ ಮಶ್ಹದ್, ಜಾಹೆದಾನ್ ದಾಟಿ, ಕ್ವೆಟ್ಟಾ ಹಾದು 1942ರ ಏಪ್ರಿಲ್‌ನಲ್ಲಿ ಬೊಂಬಾಯಿ ತಲುಪಿದರು. ಶಿಬಿರ ಇನ್ನೂ ಸಿದ್ಧವಿರಲಿಲ್ಲ. ಮೂರು ತಿಂಗಳು ಬಾಂದ್ರಾದಲ್ಲಿ ಉಳಿದು, ಮೈಯಲ್ಲಿ ಸ್ವಲ್ಪ ಕಸುವು ತುಂಬಿಕೊಂಡ ಮೇಲೆ ಜುಲೈನಲ್ಲಿ ಜಾಮ್‌ನಗರದ ಬಳಿಯ ಬಾಲಾಚಡಿ ಶಿಬಿರಕ್ಕೆ ಹೋದರು. ಹಡಗಿನ ಕಥೆಯಲ್ಲಿ ಆ ಲಾರಿಗಳೂ ಇಲ್ಲ, ಕಿರಾ, ಹಾಂಕಾ ಅವರೂ ಇಲ್ಲ. ಒಬ್ಬ ರಾಜನನ್ನು ಹೊಗಳುವ ಭರದಲ್ಲಿ ಮಕ್ಕಳನ್ನು ಸಾವಿನ ಬಾಯಿಂದ ಎಳೆದು ತಂದವರನ್ನೆಲ್ಲ ಅಳಿಸಿಹಾಕಿದ್ದೇ ಅದರ ದೊಡ್ಡ ದೋಷ.

ಒಟ್ಟು ಎಷ್ಟು ಮಕ್ಕಳು? ಎಲ್ಲರೂ ಅನಾಥರಾ?

ಒಂದೊಂದು ಕಡೆ ಒಂದೊಂದು ಲೆಕ್ಕ ಕಾಣುತ್ತದೆ. 640 ಎನ್ನುವವರೂ ಇದ್ದಾರೆ, 1000 ಎನ್ನುವವರೂ ಇದ್ದಾರೆ. ತಂಡಗಳು ಬೇರೆ ಬೇರೆ ಸಮಯದಲ್ಲಿ ಬಂದವು, ಕೆಲವರು ಬೇಗ ಹೊರಟುಹೋದರು. ಹಾಗಾಗಿ 1942ರಿಂದ 1946ರ ಒಳಗೆ ಸುಮಾರು ಒಂದು ಸಾವಿರ ಮಕ್ಕಳು ಅಲ್ಲಿ ಉಂಡು ಬೆಳೆದರು ಎನ್ನುವುದೇ ವಾಡಿಕೆ. ಹೆತ್ತವರಿಬ್ಬರೂ ಇಲ್ಲದವರು ಬಹಳ. ತಾಯಿ ತೀರಿಹೋಗಿ ತಂದೆ ಯುದ್ಧರಂಗದಲ್ಲಿದ್ದವರೂ ಇದ್ದರು. ಸಾಕಲಾಗದೆ, ಕೂಸಾದರೂ ಬದುಕಲಿ ಎಂದು ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಹೋದ ತಾಯಂದಿರ ಮಕ್ಕಳೂ ಇದ್ದರು.

## ಬಾಲಾಚಡಿಯ ಬದುಕು

ರಾಜರ ಅರಮನೆಯಲ್ಲೇ ಇದ್ರಾ?

ಅರಮನೆಯ ಒಳಗಲ್ಲ, ಪಕ್ಕದಲ್ಲಿ. ಬಾಲಾಚಡಿ ಜಾಮ್‌ನಗರದಿಂದ ಸುಮಾರು 25 ಕಿಲೋಮೀಟರ್ ದೂರದ ಕಡಲ ತೀರ, ರಾಜರ ಬೇಸಿಗೆ ಅರಮನೆ ಇದ್ದ ಜಾಗ. ಅದರ ಹತ್ತಿರ ಹೆಂಚಿನ ಮಾಡಿನ ಉದ್ದನೆಯ ಬ್ಯಾರಕ್‌ಗಳನ್ನು ಕಟ್ಟಿಸಿದರು. ಅರಮನೆಯ ಅತಿಥಿಗೃಹ ಶಾಲೆಯಾಯಿತು. ತೋಟ, ಆಟದ ಅಂಗಳ ಮಕ್ಕಳಿಗೆ ಬಿಟ್ಟರು.

ಪಾಠ ಪೋಲಿಷ್ ಭಾಷೆಯಲ್ಲೇ ನಡೆಯಿತು, ಕಲಿಸಿದವರೂ ಪೋಲಿಷ್ ಶಿಕ್ಷಕರು. ಶಿಬಿರದ ಹೊಣೆ ಫಾದರ್ ಫ್ರಾಂಚಿಶೆಕ್ ಪ್ಲೂತಾ ಎಂಬ ಕ್ಯಾಥೊಲಿಕ್ ಪಾದ್ರಿಗಳದು. ಪ್ರಾರ್ಥನೆಗೆ ಚರ್ಚು, ಸ್ಕೌಟ್ ದಳ, ಕ್ರಿಸ್‌ಮಸ್ ನಾಟಕ, ಜಾಮ್‌ನಗರದ ಹುಡುಗರ ಜೊತೆ ಫುಟ್‌ಬಾಲ್ ಎಲ್ಲವೂ ಇದ್ದವು. ಶಿಬಿರದ ಕಂಬದ ಮೇಲೆ ಹಾರುತ್ತಿದ್ದದ್ದು ಬಿಳಿ-ಕೆಂಪಿನ ಪೋಲಿಷ್ ಬಾವುಟ. ಆಗ ಪೋಲೆಂಡ್ ನೆಲದಲ್ಲಿ ಆ ಬಾವುಟ ಹಾರಿಸಿದರೆ ತಲೆ ಹೋಗುವಂತಿತ್ತು. ಇತ್ತ ಗುಜರಾತಿನ ಕಾಠಿಯಾವಾಡದಲ್ಲಿ ಹುಡುಗರು ದಿನಾ ಅದಕ್ಕೆ ಸೆಲ್ಯೂಟ್ ಹೊಡೆಯುತ್ತಿದ್ದರು.

‘ನೀವು ಅನಾಥರಲ್ಲ’ ಅಂತ ಹೇಳಿದ್ದು ನಿಜವಾ, ಅದೂ ಕಟ್ಟುಕಥೆನಾ?

ಅಲ್ಲಿ ಬೆಳೆದವರೇ ಮತ್ತೆ ಮತ್ತೆ ನೆನೆದ ಮಾತು ಇದು. ನೀವಿನ್ನು ಅನಾಥರಲ್ಲ, ನವಾನಗರದವರು. ನವಾನಗರದ ಜನಕ್ಕೆಲ್ಲ ನಾನು ಬಾಪು, ಅಂದಮೇಲೆ ನಿಮಗೂ ನಾನೇ ಬಾಪು. ಮಾತಿನ ಸಾರ ಇಷ್ಟು. ಒಬ್ಬೊಬ್ಬರು ಹೇಳುವಾಗ ಪದ ಒಂದೆರಡು ಆಚೀಚೆ ಆಗುತ್ತವೆ, ಅದು ಸಹಜ. ‘ಬಾಪು’ ಎಂಬ ಕರೆ ಮಾತ್ರ ಮುಪ್ಪಿನ ತನಕ ಅವರ ಬಾಯಲ್ಲಿ ಉಳಿಯಿತು.

ಪಾಲಕ್ ಸೊಪ್ಪಿನ ಕಥೆ ಏನದು?

ನನಗೆ ಇಡೀ ಪ್ರಸಂಗದಲ್ಲಿ ಬಹಳ ಇಷ್ಟವಾದದ್ದು ಇದೇ. ಶಿಬಿರದ ಅಡುಗೆಮನೆಯಲ್ಲಿ ಪದೇ ಪದೇ ಪಾಲಕ್ ಬೇಯಿಸಿ ಬಡಿಸುತ್ತಿದ್ದರು. ಮಕ್ಕಳಿಗೆ ಸೇರುತ್ತಿರಲಿಲ್ಲ. ಎಲ್ಲರೂ ಸೇರಿ ಮುಷ್ಕರ ಹೂಡಿದರು: ತಿನ್ನುವುದಿಲ್ಲ ಅಂದರೆ ತಿನ್ನುವುದಿಲ್ಲ. ಸುದ್ದಿ ರಾಜರ ಕಿವಿಗೆ ಬಿತ್ತು. ಇನ್ನು ಮೇಲೆ ಪಾಲಕ್ ಮಾಡಬೇಡಿ ಎಂದು ಅಡುಗೆಯವರಿಗೆ ಅಪ್ಪಣೆಯಾಯಿತು. ಮುಷ್ಕರ ಗೆದ್ದಿತು.

ಸ್ವಲ್ಪ ಯೋಚಿಸಿ ನೋಡಿ. ಈ ಮಕ್ಕಳು ಎರಡು ವರ್ಷದ ಹಿಂದೆ ಒಂದು ಚೂರು ಬ್ರೆಡ್ಡಿಗೆ ಕಾದು ಕೂತವರು. ಅಂಥವರು ತಟ್ಟೆ ಮುಂದೆ ಕೂತು ಮುಖ ಸಿಂಡರಿಸುವ ಮಟ್ಟಕ್ಕೆ ಬಂದಿದ್ದರು. ‘ಅನ್ನ ಸಿಕ್ಕಿದ್ದೇ ಪುಣ್ಯ, ಮುಚ್ಚಿಕೊಂಡು ತಿನ್ನಿ’ ಎನ್ನುವುದು ಸುಲಭವಿತ್ತು. ಉಪಕಾರ ಮಾಡಿದವರು ಸಾಮಾನ್ಯವಾಗಿ ಹೇಳುವುದೂ ಅದನ್ನೇ. ರಾಜರು ಹಾಗೆನ್ನದೆ ಮನೆ ಮಕ್ಕಳ ಹಟಕ್ಕೆ ಸೋಲುವಂತೆ ಸೋತರು.

ಮಕ್ಕಳನ್ನು ಹಿಂದೂಗಳನ್ನಾಗಿ ಮಾಡೋ ಪ್ರಯತ್ನ ಏನಾದ್ರೂ ಆಯ್ತಾ?

ಇಲ್ಲ. ಅವರ ಪಾದ್ರಿ, ಅವರ ಹಬ್ಬ, ಅವರ ಭಾಷೆ ಹಾಗೇ ಇದ್ದವು. ಒಂದಲ್ಲ ಒಂದು ದಿನ ಈ ಮಕ್ಕಳು ಊರಿಗೆ ಮರಳುತ್ತಾರೆ, ಆಗ ಅಲ್ಲಿಯವರಾಗಿಯೇ ಮರಳಬೇಕು ಎಂಬುದು ಎಲ್ಲರ ಎಣಿಕೆಯಾಗಿತ್ತು.

## ಕೊಂಚ ಕಷ್ಟದ ಪ್ರಶ್ನೆಗಳು

ರಾಜ ತಾನೇ, ದುಡ್ಡಿತ್ತು, ಮಾಡಿದ. ಅದರಲ್ಲೇನು ಹೆಚ್ಚುಗಾರಿಕೆ?

ದುಡ್ಡಿದ್ದ ರಾಜರು ಆಗ ಭಾರತದಲ್ಲಿ ಕಡಿಮೆಯೇನೂ ಇರಲಿಲ್ಲ, ಸಂಸ್ಥಾನಗಳೇ ಐನೂರಕ್ಕೂ ಮಿಕ್ಕಿದ್ದವು. ಪೋಲಿಷ್ ಮಕ್ಕಳಿಗೆ ಜಾಗ ಕೊಡುವ ಮಾತು ಬಂದಾಗ ದೆಹಲಿಯ ಬ್ರಿಟಿಷ್ ಸರ್ಕಾರ ಹಿಂದೆ ಮುಂದೆ ನೋಡುತ್ತಿತ್ತು. ಯುದ್ಧದ ನಡುವೆ ಇದೊಂದು ಹೊರೆ, ಖರ್ಚು ಸರ್ಕಾರದ ತಲೆಗೆ ಬರಬಾರದು ಎಂಬ ಲೆಕ್ಕಾಚಾರ. ಆಗ ‘ನನ್ನ ಸಂಸ್ಥಾನಕ್ಕೆ ಕಳಿಸಿ’ ಎಂದು ಮುಂದೆ ಬಂದವರು ಜಾಮ್ ಸಾಹೇಬ್.

ಅವರಿಗೆ ಆ ಹೊತ್ತಿನಲ್ಲಿ ಇದ್ದ ದೊಡ್ಡ ಬಲ ಹಣದ್ದಲ್ಲ, ಸ್ಥಾನದ್ದು. ಅವರು ನರೇಂದ್ರ ಮಂಡಲದ, ಅಂದರೆ ದೇಶೀ ರಾಜರ ಸಭೆಯ ಚಾನ್ಸಲರ್ ಆಗಿದ್ದರು. ಬ್ರಿಟಿಷ್ ಯುದ್ಧ ಸಂಪುಟದಲ್ಲಿ ಭಾರತದ ಪ್ರತಿನಿಧಿಯಾಗಿ ಕೂತವರು. ಹಾಗಾಗಿ ಲಂಡನ್ನಿನಲ್ಲಿ ಪೋಲೆಂಡಿನ ಪ್ರಧಾನಿ ಸಿಕೋರ್‌ಸ್ಕಿಯನ್ನೂ ಬಲ್ಲವರು, ಇಲ್ಲಿ ಬೇರೆ ರಾಜರ ಕೈಹಿಡಿದು ಚಂದಾ ಎತ್ತಬಲ್ಲವರು. ಪೋಲಿಷ್ ಮಕ್ಕಳ ನಿಧಿಗೆ ಹಲವು ಸಂಸ್ಥಾನಗಳು ಮತ್ತು ಖಾಸಗಿ ದಾನಿಗಳು ಹಣ ಕೊಟ್ಟರು. ಒಬ್ಬರೇ ಗಂಟು ಬಿಚ್ಚಿ ಎಲ್ಲವನ್ನೂ ಮಾಡಿದರು ಎಂಬುದು ಪೂರ್ತಿ ನಿಜವಲ್ಲ. ಆದರೆ ಅವರು ಮೊದಲು ನಿಲ್ಲದಿದ್ದರೆ ಉಳಿದವರು ಹಿಂದೆ ಬರುತ್ತಿದ್ದರೇ ಎಂಬುದು ನನ್ನ ಅನುಮಾನ.

ಪೋಲೆಂಡೇ ಯಾಕೆ ಎಂದೂ ಕೇಳುತ್ತಾರೆ. ರಣಜಿ ರಾಷ್ಟ್ರಸಂಘದ ಕೆಲಸಕ್ಕಾಗಿ ಜಿನೀವಾದಲ್ಲಿದ್ದ ದಿನಗಳಲ್ಲಿ ಪಿಯಾನೊ ವಾದಕ, ಪೋಲೆಂಡಿನ ಪ್ರಧಾನಿಯೂ ಆಗಿದ್ದ ಪಾದೆರೆವ್‌ಸ್ಕಿಯ ಒಡನಾಟ ಈ ಮನೆತನಕ್ಕೆ ಆಯಿತು, ಅಲ್ಲಿಂದ ಆ ದೇಶದ ಮೇಲೆ ಅಕ್ಕರೆ ಹುಟ್ಟಿತು ಎಂದು ಹೇಳುತ್ತಾರೆ.

ಬಂಗಾಳದಲ್ಲಿ ನಮ್ಮ ಮಕ್ಕಳೇ ಹಸಿವಿನಿಂದ ಸಾಯ್ತಿದ್ರಲ್ಲ, ಬಿಳಿ ಮಕ್ಕಳಿಗೆ ಯಾಕೆ ಈ ಉಪಚಾರ?

ಈ ಪ್ರಶ್ನೆ ಕೇಳಿದವರನ್ನು ಗದರಿಸುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಇದು.

ಬಂಗಾಳದ ಕ್ಷಾಮ 1943ರದ್ದು. ಸತ್ತವರು ಸುಮಾರು 30 ಲಕ್ಷ ಎಂಬುದು ಸಾಮಾನ್ಯವಾಗಿ ಒಪ್ಪುವ ಅಂದಾಜು. ಜಪಾನ್ ಬರ್ಮಾವನ್ನು ಹಿಡಿದು ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗದಿರಲಿ ಎಂದು ಸರ್ಕಾರವೇ ದೋಣಿಗಳನ್ನು ಕಿತ್ತುಕೊಂಡಿತು, ಯುದ್ಧದ ಖರ್ಚಿಗೆ ಬೆಲೆ ಗಗನಕ್ಕೇರಿತು, ಹೊರಗಿನಿಂದ ಧಾನ್ಯ ತರಿಸಲು ಲಂಡನ್ ಮನಸ್ಸು ಮಾಡಲಿಲ್ಲ. ಬಾಲಾಚಡಿಯ ಒಂದು ಸಾವಿರ ಊಟ ಅದಕ್ಕೆ ಕಾರಣವಲ್ಲ, ನವಾನಗರದ ದೊರೆಗೆ ಬಂಗಾಳದ ಆಡಳಿತದಲ್ಲಿ ಕೈಯೂ ಇರಲಿಲ್ಲ. ಮಕ್ಕಳ ಮೊದಲ ತಂಡ ಬಂದಿದ್ದು ಕ್ಷಾಮಕ್ಕೆ ಮುಂಚಿನ ವರ್ಷ.

ಆದರೂ ಮನಸ್ಸಿಗೆ ಚುಚ್ಚುವ ಒಂದು ಸಂಗತಿ ಉಳಿಯುತ್ತದೆ. ಪೋಲಿಷ್ ಮಗುವಿನ ಪರವಾಗಿ ಪತ್ರ ಬರೆಯಲು ಕಾನ್ಸುಲ್ ಇದ್ದರು, ಲಂಡನ್ನಿನಲ್ಲಿ ಒಂದು ಸರ್ಕಾರ ಇತ್ತು, ವೈಸರಾಯ್‌ವರೆಗೂ ಹೋಗುವ ದಾರಿ ಇತ್ತು. ಬಂಗಾಳದ ಮಿಡ್ನಾಪುರದ ಮಗುವಿಗೆ ಅದ್ಯಾವುದೂ ಇರಲಿಲ್ಲ. ಆ ತಕ್ಷೀರು ಹೊರಿಸಬೇಕಾದ್ದು ಸಾಮ್ರಾಜ್ಯದ ಮೇಲೆ. ಒಂದು ಕಡೆ ನಡೆದ ಅನ್ಯಾಯವನ್ನು ತೋರಿಸಲು ಇನ್ನೊಂದು ಕಡೆ ತುಂಬಿದ ತಟ್ಟೆಯನ್ನು ದೂರುವುದು ನನಗೆ ಸರಿಕಾಣುವುದಿಲ್ಲ.

ಮಕ್ಕಳನ್ನು ದತ್ತು ತಗೊಂಡಿದ್ರಂತೆ. ಸಾವಿರ ಮಕ್ಕಳನ್ನು ಹೇಗೆ ದತ್ತು ತಗೊಳ್ಳೋದು?

ಇದು ಭಾವುಕತೆಗೆ ಮಾಡಿದ್ದಲ್ಲ, ಕಾನೂನಿನ ಉಪಾಯ. 1945ರ ಜುಲೈನಲ್ಲಿ ಬ್ರಿಟನ್ ಲಂಡನ್ನಿನ ಪೋಲಿಷ್ ಸರ್ಕಾರದ ಮಾನ್ಯತೆ ಹಿಂತೆಗೆದು ವಾರ್ಸಾದಲ್ಲಿ ಸೋವಿಯತ್ ಬೆಂಬಲದಿಂದ ಕೂತಿದ್ದ ಹೊಸ ಸರ್ಕಾರವನ್ನು ಒಪ್ಪಿಕೊಂಡಿತು. ಈಗ ಅನಾಥ ಮಕ್ಕಳ ಮೇಲೆ ಹಕ್ಕು ಯಾರದು? ಹೊಸ ಸರ್ಕಾರ ‘ನಮ್ಮ ಮಕ್ಕಳನ್ನು ಕಳಿಸಿ’ ಎಂದರೆ ತಡೆಯುವವರಿಲ್ಲ. ಯಾವ ಆಳ್ವಿಕೆ ಅವರ ಅಪ್ಪ-ಅಮ್ಮಂದಿರನ್ನು ಕಾಡಿಗೆ ಅಟ್ಟಿತೋ ಅದರ ನೆರಳಿಗೇ ಮಕ್ಕಳನ್ನು ದೂಡಿದಂತೆ. ಆಗ ಜಾಮ್ ಸಾಹೇಬ್, ಫಾದರ್ ಪ್ಲೂತಾ ಮತ್ತು ಶಿಬಿರದ ಬ್ರಿಟಿಷ್ ಸಂಪರ್ಕ ಅಧಿಕಾರಿ ಸೇರಿ ಮಕ್ಕಳನ್ನು ಒಟ್ಟಾಗಿ ದತ್ತು ಪಡೆದ ಪತ್ರ ಮಾಡಿಸಿದರು. ಪೋಷಕರು ಇದ್ದಾರೆ ಎಂದಾದ ಮೇಲೆ ಬಲವಂತವಾಗಿ ಕಳಿಸುವಂತಿಲ್ಲ.

1946ರಲ್ಲಿ ಬಾಲಾಚಡಿ ಶಿಬಿರ ಮುಚ್ಚಿ, ಉಳಿದ ಮಕ್ಕಳು ಕೊಲ್ಹಾಪುರದ ಬಳಿಯ ವಳಿವಡೆಗೆ ಬಂದರು. ಅಲ್ಲಿಂದ ಕೆಲವರು ಇಷ್ಟಪಟ್ಟು ಪೋಲೆಂಡಿಗೆ, ಉಳಿದವರು ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಎಂದು ಚದುರಿದರು.

ಕೊಲ್ಹಾಪುರ ನಮ್ಮ ಬೆಳಗಾವಿ ಪಕ್ಕದಲ್ಲೇ ಇದೆಯಲ್ಲ! ಅಲ್ಲೂ ಪೋಲಿಷ್ ಶಿಬಿರ ಇತ್ತಾ?

ಇತ್ತು, ಬಾಲಾಚಡಿಗಿಂತ ಬಹಳ ದೊಡ್ಡದು. 1943ರಿಂದ 1948ರವರೆಗೆ ವಳಿವಡೆಯಲ್ಲಿ ಸುಮಾರು 5000 ಪೋಲಿಷ್ ಜನ ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು, ವಯಸ್ಸಾದವರು. ಶಾಲೆ, ಚರ್ಚು, ಆಸ್ಪತ್ರೆ ಎಲ್ಲ ಇದ್ದ ಒಂದು ಪುಟ್ಟ ಪಟ್ಟಣವೇ ಆಗಿತ್ತು. ಕ್ಷಯ ತಗಲಿದವರನ್ನು ಚಿಕಿತ್ಸೆಗೆ ಪಂಚಗಣಿಗೆ ಕಳಿಸುತ್ತಿದ್ದರು. ಮೀರಜ್‌ನಿಂದ ಕೊಲ್ಹಾಪುರಕ್ಕೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ವಳಿವಡೆ ಎಂಬ ಬೋರ್ಡು ಇವತ್ತೂ ಕಾಣುತ್ತದೆ. ಆ ಹೆಸರಿನ ಹಿಂದೆ ಏನಿದೆ ಎಂದು ಗಡಿಭಾಗದ ನಮ್ಮವರಿಗೇ ಗೊತ್ತಿಲ್ಲದಿರುವುದು ಬೇಸರದ ಸಂಗತಿ. ಶಿಬಿರದ ದಿನಗಳಲ್ಲಿ ತೀರಿಕೊಂಡವರ ಸಮಾಧಿಗಳು ಕೊಲ್ಹಾಪುರದ ಕ್ರೈಸ್ತ ಸ್ಮಶಾನದಲ್ಲಿವೆ.

ಇಷ್ಟು ದೊಡ್ಡ ಕೆಲಸ, ಮತ್ತೆ ಐವತ್ತು ವರ್ಷ ಯಾರಿಗೂ ಯಾಕೆ ಗೊತ್ತಾಗಲಿಲ್ಲ?

ಪೋಲೆಂಡಿನಲ್ಲಿ ಈ ಕಥೆ ಹೇಳಬೇಕೆಂದರೆ ಮೊದಲ ವಾಕ್ಯದಲ್ಲೇ ‘ನಮ್ಮನ್ನು ಸೈಬೀರಿಯಾಕ್ಕೆ ಗಡೀಪಾರು ಮಾಡಿದರು’ ಎನ್ನಬೇಕು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬೀಳುವ ತನಕ ಅದನ್ನು ಬಹಿರಂಗವಾಗಿ ಬರೆಯುವಂತಿರಲಿಲ್ಲ. ಅಲ್ಲಿಗೆ ಮರಳಿದ ಮಕ್ಕಳು ಮನೆಯೊಳಗೆ, ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಇಲ್ಲಿ ನಮ್ಮಲ್ಲಿ ಬೇರೆ ಕಾರಣ. ಸ್ವಾತಂತ್ರ್ಯದ ಕಥೆಯಲ್ಲಿ ಬ್ರಿಟಿಷರ ಜೊತೆಗಿದ್ದ ರಾಜರಿಗೆ ಹೆಚ್ಚು ಜಾಗ ಇರಲಿಲ್ಲ. ಜಾಮ್ ಸಾಹೇಬರೂ ಹಳೇ ಕಾಲದ ದೊರೆಯೇ, ಬ್ರಿಟಿಷ್ ನಿಷ್ಠರೇ. ಅದನ್ನು ಮುಚ್ಚಿಡುವುದು ಬೇಡ. 1948ರಲ್ಲಿ ಕಾಠಿಯಾವಾಡದ ಸಂಸ್ಥಾನಗಳು ಸೇರಿ ಸೌರಾಷ್ಟ್ರ ರಾಜ್ಯವಾದಾಗ ರಾಜಪ್ರಮುಖರಾದರು. ಸರ್ದಾರ್ ಪಟೇಲರ ಜೊತೆ ಸೋಮನಾಥದ ಪುನರ್ನಿರ್ಮಾಣಕ್ಕೆ ನಿಂತರು, ಅಲ್ಲಿನ ದಿಗ್ವಿಜಯ ದ್ವಾರಕ್ಕೆ ಅವರದೇ ಹೆಸರು. 1966ರಲ್ಲಿ ತೀರಿಕೊಂಡರು. ಅಂದರೆ ಪೋಲೆಂಡ್ ಅವರನ್ನು ಬಹಿರಂಗವಾಗಿ ನೆನೆದದ್ದನ್ನು ಅವರು ನೋಡಲೇ ಇಲ್ಲ.

ಪೋಲೆಂಡ್ ಸಂಸದರು ಇವರ ಹೆಸರಲ್ಲಿ ಪ್ರಮಾಣವಚನ ತಗೋತಾರಂತೆ?

ಇಲ್ಲ. ಪ್ರಮಾಣವಚನದ ಮಾತುಗಳು ಪೋಲೆಂಡಿನ ಸಂವಿಧಾನದಲ್ಲೇ ಇವೆ. ಬೇಕಾದವರು ಕೊನೆಗೆ ‘ದೇವರು ನನಗೆ ನೆರವಾಗಲಿ’ ಎಂದು ಸೇರಿಸಬಹುದು, ಅಷ್ಟೇ. ಜಾಮ್ ಸಾಹೇಬರ ಹೆಸರು ಅಲ್ಲಿಲ್ಲ.

ನಿಜವಾಗಿ ಇರುವುದು ಇವು: ವಾರ್ಸಾದ ಓಖೋತಾ ಭಾಗದಲ್ಲಿ ‘ಒಳ್ಳೆಯ ಮಹಾರಾಜರ ಚೌಕ’, ಅಲ್ಲಿ 2014ರಲ್ಲಿ ನಿಲ್ಲಿಸಿದ ಸ್ಮಾರಕ. ವಾರ್ಸಾದ ಬೆಡ್ನಾರ್ಸ್ಕಾ ಶಾಲೆ ಇವರನ್ನು ತನ್ನ ಪೋಷಕ ಪುರುಷ ಎಂದು ಆರಿಸಿಕೊಂಡಿದೆ. ಮರಣೋತ್ತರವಾಗಿ ಪೋಲೆಂಡ್ ಗಣರಾಜ್ಯದ ಉನ್ನತ ಗೌರವವೂ ಸಂದಿತು. ಉಪಕಾರಕ್ಕೆ ಪ್ರತಿಯಾಗಿ ಏನು ಕೊಡಲಿ ಎಂದು ಸಿಕೋರ್‌ಸ್ಕಿ ಕೇಳಿದಾಗ, ನಿಮ್ಮ ದೇಶ ಬಿಡುಗಡೆಯಾದ ಮೇಲೆ ವಾರ್ಸಾದ ಒಂದು ಬೀದಿಗೆ ನನ್ನ ಹೆಸರಿಡಿ ಎಂದರಂತೆ. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಮೋದಿ ವಾರ್ಸಾದಲ್ಲಿ ಈ ಸ್ಮಾರಕಕ್ಕೂ, ಅಲ್ಲೇ ಇರುವ ಕೊಲ್ಹಾಪುರ ಸ್ಮಾರಕಕ್ಕೂ ಹೂವಿಟ್ಟರು. ಪೋಲಿಷ್ ಯುವಜನರು ಭಾರತಕ್ಕೆ ಬಂದುಹೋಗುವಂತೆ ಜಾಮ್ ಸಾಹೇಬ್ ಹೆಸರಿನ ಕಾರ್ಯಕ್ರಮವೂ ಆಗ ಘೋಷಣೆಯಾಯಿತು.

ನೋಡಬೇಕಂದ್ರೆ ಎಲ್ಲಿಗೆ ಹೋಗೋದು?

ಶಿಬಿರವಿದ್ದ ಬಾಲಾಚಡಿಯ ಜಾಗದಲ್ಲಿ ಈಗ ಸೈನಿಕ ಶಾಲೆ ಇದೆ. ಹಳೆಯ ಬ್ಯಾರಕ್‌ಗಳನ್ನು ಹುಡುಕಿ ಹೋದರೆ ನಿರಾಸೆಯಾದೀತು, ನೋಡಲು ಸಿಗುವುದು ಪೋಲಿಷ್ ಮಕ್ಕಳ ನೆನಪಿನ ಸ್ಮಾರಕ. ಅದು ಶಾಲೆಯ ಆವರಣದಲ್ಲಿರುವುದರಿಂದ ಮೊದಲೇ ಪತ್ರ ಬರೆದು ಅನುಮತಿ ಪಡೆಯಿರಿ, ಪರೀಕ್ಷೆಯ ದಿನಗಳಲ್ಲಿ ಹೋಗಬೇಡಿ. ದ್ವಾರಕೆ-ಸೋಮನಾಥ ಯಾತ್ರೆಗೆ ಹೊರಟವರು ಜಾಮ್‌ನಗರದಲ್ಲಿ ಒಂದು ದಿನ ಹೆಚ್ಚಿಗೆ ಉಳಿದರೆ ಸಾಕು. ಅಷ್ಟು ದೂರ ಆಗದವರಿಗೆ ಕೊಲ್ಹಾಪುರವೇ ಹತ್ತಿರ. ಮಹಾಲಕ್ಷ್ಮಿ ದರ್ಶನ ಮುಗಿಸಿ, ಸಂಜೆಯ ಬಸ್ಸಿಗೆ ಮುಂಚೆ ಮಹಾವೀರ ಉದ್ಯಾನದಲ್ಲಿರುವ ಪೋಲಿಷ್ ಸ್ಮಾರಕ ಸ್ತಂಭವನ್ನು ನೋಡಿ ಬರಬಹುದು.